ನೀರಿನ ದಾರಿ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮಳೆಯ ಮೇಲೆ ಒಂದೆರಡು ಕವನಗಳು ಇರುವುದು ವಾಡಿಕೆ. ಮುಗಿಲು, ಮಿಂಚು, ನವಿಲು ಇವುಗಳಿಗೆ ಅಲ್ಲಿ ಬರವಿಲ್ಲ. ಕವಿಮಿತ್ರರ ಸಂತೋಷಕ್ಕೆ ಅಡ್ಡಿ ಬರುವ ಇಚ್ಛೆ ನನಗಿಲ್ಲ. ಆದರೆ ಮಳೆ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ನವಿಲಲ್ಲ. ಮಂಚದ ಮೇಲೆ ಟ್ರಂಕು, ಟ್ರಂಕಿನ ಮೇಲೆ ಅಕ್ಕಿಯ ಡಬ್ಬ, ಡಬ್ಬದ ಮೇಲೆ ಪಡಿತರ ಚೀಟಿ ಮತ್ತು ಮನೆಯ ಕ್ರಯಪತ್ರವಿದ್ದ ಪ್ಲಾಸ್ಟಿಕ್ ಚೀಲ. ಹೀಗಿರಲು ಕವನವನ್ನು ಬಿಟ್ಟು ಗದ್ಯದಲ್ಲಿ ನಾಲ್ಕು ಮಾತುಗಳನ್ನು ಅಧ್ಯಾಪಕರ ಮತ್ತು ಸಹಪಾಠಿಗಳ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಪ್ರಕೃತಿಯಿಂದ ಬರಬಹುದಾದ ಅಪಾಯಗಳನ್ನು ತಗ್ಗಿಸಿಕೊಳ್ಳಲು ಒಂದು ನಗರವು ಹೇಗೆ ಯೋಚಿಸಬೇಕು ಎಂಬುದೇ ನನ್ನ ವಿಷಯ.

2022ನೆಯ ಇಸವಿಯ ಸೆಪ್ಟೆಂಬರ್ 4ರ ರಾತ್ರಿ. ನಾನಿನ್ನೂ ಈ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಬೆಂಗಳೂರಿನ ಪೂರ್ವದ ಅಂಚಿನ ಒಂದು ಬಡಾವಣೆಯಲ್ಲಿ, ರಾಜಕಾಲುವೆಯ ಪಕ್ಕದ ಓಣಿಯಲ್ಲಿ, ಸೋದರಮಾವನ ಮನೆಯಲ್ಲಿ ಇದ್ದೆ. ಆ ಒಂದು ರಾತ್ರಿಯಲ್ಲಿ ನಗರದ ಮೇಲೆ ಸುಮಾರು 131 ಮಿಲಿಮೀಟರು ಮಳೆ ಸುರಿಯಿತೆಂದು ಮರುದಿನ ತಿಳಿಯಿತು. ಆಗ ನಮಗೆ ತಿಳಿದದ್ದು ಇಷ್ಟೇ: ಹನ್ನೊಂದು ಗಂಟೆಗೆ ಹೊಸ್ತಿಲಲ್ಲಿದ್ದ ನೀರು ಎರಡು ಗಂಟೆಯ ಹೊತ್ತಿಗೆ ಮಂಚದ ಕಾಲನ್ನು ನುಂಗಿತ್ತು. ಬೆಳಗಾದ ಮೇಲೆ ಎದುರುಮನೆಯ ಅಜ್ಜಿ ಮಹಡಿಯ ಮೆಟ್ಟಿಲ ಮೇಲೆ ಕುಳಿತು ಆಡಿದ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. “ನಾನು ಮದುವೆಯಾಗಿ ಬಂದಾಗ ಇಲ್ಲಿ ಕೆರೆ ಕೋಡಿ ನೀರು ಹರೀತಿತ್ತು ಕಣಪ್ಪಾ. ನೀರೇನು ದಾರಿ ತಪ್ಪಿ ಬಂದಿಲ್ಲ, ತನ್ನ ದಾರೀಲೇ ಬಂದೈತೆ” ಎಂದರು. ಅಜ್ಜಿ ಅಕ್ಷರ ಕಲಿತವರಲ್ಲ. ಆದರೂ ನಗರ ಯೋಜನೆಯ ಮೊದಲ ಪಾಠವನ್ನು ನಾನು ಕೇಳಿದ್ದು ಅವರ ಬಾಯಿಂದಲೇ.

ಮಳೆ ದೈವಾಧೀನವಿರಬಹುದು; ನೆರೆಯೂ ದೈವಾಧೀನವೆಂದು ಹೇಳುವುದು ಮಾತ್ರ ಸೋಮಾರಿತನ. ಬೆಂಗಳೂರಿನ ಭೂಗೋಳವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಬ್ಬದ ಮೇಲೆ ಕುಳಿತ ಊರು ಇದು. ನಗರದ ನಡುವೆ ದೊಡ್ಡ ನದಿಯೇನೂ ಹರಿಯುವುದಿಲ್ಲ. ಬಿದ್ದ ನೀರು ಮೂರು ಕಣಿವೆಗಳಲ್ಲಿ ಇಳಿದುಹೋಗಬೇಕು. ವೃಷಭಾವತಿಯ ನೀರು ಅರ್ಕಾವತಿಯನ್ನು ಸೇರಿ ಕಾವೇರಿಯ ಕಡೆಗೆ ಹೋದರೆ, ಹೆಬ್ಬಾಳದ ಮತ್ತು ಕೋರಮಂಗಲ-ಚಲ್ಲಘಟ್ಟದ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಇಂಥ ನೆಲದಲ್ಲಿ ನಮ್ಮ ಹಿರಿಯರು ಮಾಡಿದ ಏರ್ಪಾಡು ಸರಳವಾಗಿತ್ತು. ಇಳಿಜಾರಿನುದ್ದಕ್ಕೂ ಕೆರೆಯ ಕೆಳಗೆ ಕೆರೆಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಬರುವಂತೆ ಮಾಡಿದರು. ಬರಗಾಲಕ್ಕೆ ನೀರೂ ಆಯಿತು, ನೆರೆಗೆ ತಡೆಯೂ ಆಯಿತು. ತೂಬನ್ನು ತೆರೆದು ಮುಚ್ಚಲು, ಕಾಲುವೆಯನ್ನು ನೋಡಿಕೊಳ್ಳಲು ಊರೂರಿಗೆ ನೀರುಗಂಟಿಯೊಬ್ಬ ಇದ್ದ. ಕಾಲುವೆ ಕಟ್ಟಿಕೊಂಡರೆ ಯಾರನ್ನು ಕೇಳಬೇಕೆಂಬುದು ಊರಿಗೆಲ್ಲ ಗೊತ್ತಿತ್ತು.

ಈ ಏರ್ಪಾಡಿನ ಗತಿ ಏನಾಯಿತೆಂಬುದನ್ನು ನಾವು ದಿನವೂ ನೋಡುತ್ತಿದ್ದೇವೆ. ನೋಡಿದರೂ ನಮಗೆ ಹೊಳೆಯುವುದಿಲ್ಲ, ಅಷ್ಟೆ. ಊರಿನಿಂದ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿಯುವಾಗ ನಾವು ಕಾಲಿಡುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನಮ್ಮ ಕ್ರೀಡಾಪಟುಗಳು ಓಡುವ ಕಂಠೀರವ ಕ್ರೀಡಾಂಗಣವು ಸಂಪಂಗಿ ಕೆರೆಯ ಜಾಗ. ಕಾಲುವೆಗಳ ಲೆಕ್ಕವನ್ನು ದೇಶದ ಮಹಾಲೇಖಪಾಲರ ವರದಿಯೇ 2021ರಲ್ಲಿ ಮುಂದಿಟ್ಟಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರು ಉದ್ದವಿದ್ದ ಕಾಲುವೆಗಳು 2016-17ರ ವೇಳೆಗೆ ಸುಮಾರು 63 ಕಿಲೋಮೀಟರಿಗೆ ಇಳಿದಿದ್ದುವು. ವೃಷಭಾವತಿ ಕಣಿವೆಯಲ್ಲಿ ಸುಮಾರು 226 ಇದ್ದದ್ದು 112 ಆಗಿತ್ತು. ಎಂದರೆ ಊರು ಬೆಳೆದು ಮಣ್ಣಿನ ನೆಲವೆಲ್ಲ ಸಿಮೆಂಟು, ಟಾರು ಆಗಿ, ಹರಿಯಬೇಕಾದ ನೀರು ಹೆಚ್ಚಾದ ಕಾಲದಲ್ಲಿಯೇ ಹರಿಯುವ ದಾರಿ ಅರ್ಧಕ್ಕೆ ಬಂತು. ಗುಣಾಕಾರ ಭಾಗಾಕಾರ ಬಲ್ಲ ಹುಡುಗನೂ ಇದರ ಫಲವನ್ನು ಹೇಳಿಯಾನು.

ಹಾಗಾದರೆ ಯೋಜನೆಯೆಂದರೆ ಹೇಗಿರಬೇಕು? ಇದಕ್ಕೆ ಉದಾಹರಣೆಯನ್ನು ಹುಡುಕಿ ವಿಲಾಯಿತಿಗೆ ಹೋಗಬೇಕಾಗಿಲ್ಲ. ನೆರೆಯ ಹೈದರಾಬಾದಿಗೆ ಹೋದರೆ ಸಾಕು. ಅಲ್ಲಿಯೂ ನಮಗೆ ಎದುರಾಗುವವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ಹೊಕ್ಕಿತು. ಸತ್ತವರು ಸುಮಾರು 15,000 ಎಂದು ಹೇಳುತ್ತಾರೆ. ನದಿಯ ದಂಡೆಯ ಮೇಲಿನ ಒಂದು ಹುಣಿಸೆಯ ಮರವನ್ನು ಹತ್ತಿ ಸುಮಾರು 150 ಮಂದಿ ಪ್ರಾಣ ಉಳಿಸಿಕೊಂಡರೆಂದು ಆ ಊರಿನವರು ಇಂದಿಗೂ ನೆನೆಯುತ್ತಾರೆ. ಮುಂದೆ ಆ ಮರವಿದ್ದ ಸ್ಥಳ ಉಸ್ಮಾನಿಯಾ ಆಸ್ಪತ್ರೆಯ ಆವರಣವಾಯಿತು. ಮುಂಬಯಿ ಸರಕಾರದ ಕೆಲಸವನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರಕಾರ ಕರೆಸಿಕೊಂಡಿತು. ಅವರು 1909ರಲ್ಲಿ ಬಂದು ಮಾಡಿದ ಮೊದಲ ಕೆಲಸ ಗೋಡೆ ಕಟ್ಟಿಸುವುದಲ್ಲ. ನಗರಕ್ಕೆ ಬೆನ್ನು ತಿರುಗಿಸಿ ನದಿಯ ಮೇಲ್ಭಾಗವನ್ನು ಅಳೆಯುವುದು. ಅಲ್ಲಿ 800ಕ್ಕೆ ಸಮೀಪದಷ್ಟು ಕೆರೆಗಳಿದ್ದು, ಆ ಮಳೆಯಲ್ಲಿ 200ಕ್ಕೂ ಮಿಕ್ಕಿ ಒಡೆದಿದ್ದುವು. ಒಂದು ಕೆರೆಯ ಒಡಕು ಕೆಳಗಿನ ಕೆರೆಯ ಒಡಕಿಗೆ ಕಾರಣವಾಗಿ, ಎಲ್ಲವೂ ಕೂಡಿ ನಗರದ ಮೇಲೆ ಬಿದ್ದಿದ್ದುವು. ರೋಗ ನಗರದಲ್ಲಿ ಕಾಣಿಸಿಕೊಂಡರೂ ಅದರ ಮೂಲ ನಗರದ ಹೊರಗಿತ್ತು. ಆದುದರಿಂದ ಅವರು ಊರಿನ ಮೇಲ್ಗಡೆ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಬೇಕೆಂದೂ, ಊರೊಳಗೆ ದಂಡೆಗಳನ್ನು ಎತ್ತರಿಸಿ ಓಡಾಟಕ್ಕೂ ಉದ್ಯಾನಕ್ಕೂ ಬಿಡಬೇಕೆಂದೂ ಸಲಹೆಯಿತ್ತರು. 1912ರಲ್ಲಿ ನಗರ ಸುಧಾರಣಾ ಮಂಡಲಿ ಏರ್ಪಟ್ಟಿತು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದುವು.

ಈ ಇಸವಿಗಳನ್ನು ಗಮನಿಸಬೇಕು. ನೆರೆ ಬಂದದ್ದು 1908ರಲ್ಲಿ, ಕೆಲಸ ಪೂರ್ತಿಯಾದದ್ದು 1927ರಲ್ಲಿ. ನಡುವೆ ನಿಜಾಮರು ಬದಲಾದರು, ಮಂತ್ರಿಗಳು ಬದಲಾದರು, ಒಂದು ಮಹಾಯುದ್ಧ ಬಂದು ಹೋಯಿತು. ಯೋಜನೆ ಮಾತ್ರ ಕೈಬಿಟ್ಟುಹೋಗಲಿಲ್ಲ. ಬೀದರ, ಗುಲ್ಬರ್ಗ, ರಾಯಚೂರುಗಳೂ ಆಗ ಆ ಸಂಸ್ಥಾನಕ್ಕೆ ಸೇರಿದ್ದುದರಿಂದ ನಮ್ಮವರ ಕಂದಾಯವೂ ಅಷ್ಟಿಷ್ಟು ಆ ಬೊಕ್ಕಸಕ್ಕೆ ಸಂದಿದ್ದೀತು. ಆಳಿದವರು ಅರಸರು, ನಾವು ಪ್ರಜಾಪ್ರಭುತ್ವದವರು ಎಂಬ ಹೆಮ್ಮೆ ನಮಗಿರಬಹುದು. ಆದರೆ ಹತ್ತೊಂಬತ್ತು ವರ್ಷ ಒಂದೇ ಕೆಲಸವನ್ನು ಹಿಡಿದು ನಡೆಸುವ ತಾಳ್ಮೆ ನಮ್ಮಲ್ಲಿದೆಯೆ? ಬೆಂಗಳೂರಿಗಾಗಿ 2031ರ ಹೆಸರಿನಲ್ಲಿ ತಯಾರಾದ ನಗರ ಯೋಜನೆಯ ಕರಡು 2017ರಲ್ಲಿ ಪ್ರಕಟವಾಗಿ 2020ರಲ್ಲಿ ಹಿಂದಕ್ಕೆ ಹೋಯಿತು. ಮೂರೇ ವರ್ಷಗಳ ಆಯುಸ್ಸು.

ಹೈದರಾಬಾದಿನ ಕಥೆಗೆ ಇನ್ನೊಂದು ಅಧ್ಯಾಯವೂ ಉಂಟು. ಜಲಾಶಯ ಕಟ್ಟಿಯಾಯಿತು, ಇನ್ನು ಭಯವಿಲ್ಲವೆಂದು ಆ ಊರೂ ಮೈಮರೆಯಿತು. ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡಗಳು ಏಳದಂತೆ 1996ರಲ್ಲಿ ಸರಕಾರ ಹಾಕಿದ್ದ ನಿರ್ಬಂಧವನ್ನು 2022ರಲ್ಲಿ ಸಡಿಲಿಸುವ ಆಜ್ಞೆ ಹೊರಟಿತು. ಅದಕ್ಕೆ ಎರಡು ವರ್ಷ ಹಿಂದೆ, 2020ರ ಅಕ್ಟೋಬರಿನಲ್ಲಿ, ಭಾರೀ ಮಳೆಗೆ ಪಲ್ಲೆ ಚೆರುವು ಮೊದಲಾದ ಕೆರೆಗಳ ಏರಿಗಳು ಬಿರಿದು ಬಡಾವಣೆಗಳು ಮುಳುಗಿದ್ದುವು. ನೆರೆಯ ನೆನಪು ಒಂದು ತಲೆಮಾರಿಗಿಂತ ಹೆಚ್ಚು ಬಾಳುವುದಿಲ್ಲವೆಂದು ತೋರುತ್ತದೆ. ಆದುದರಿಂದ ಯೋಜನೆಯೆಂದರೆ ಕಟ್ಟುವುದು ಅರ್ಧ. ಕಟ್ಟಿದ್ದನ್ನು ಕಾಯುವುದು ಇನ್ನರ್ಧ.

ಇಷ್ಟು ಕೇಳಿದ ಮೇಲೆ, ಅಪಾಯವನ್ನು ತಗ್ಗಿಸಲು ಕೋಟಿಗಟ್ಟಲೆ ಹಣವೂ ಮಹಾ ಎಂಜಿನಿಯರರೂ ಬೇಕೇ ಬೇಕೆಂದು ಯಾರಾದರೂ ಅಂದುಕೊಂಡಾರು. ಹಾಗೇನೂ ಇಲ್ಲ. ಅಹಮದಾಬಾದಿನ ಉದಾಹರಣೆಯನ್ನು ನೋಡಿ. 2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ಸತ್ತವರು, 2009 ಮತ್ತು 2011ರ ಮೇ ತಿಂಗಳುಗಳ ಸರಾಸರಿಗಿಂತ 1,344 ಮಂದಿ ಹೆಚ್ಚೆಂದು ಆಮೇಲೆ ಲೆಕ್ಕ ಹಾಕಿದ ವೈದ್ಯಶಾಸ್ತ್ರಜ್ಞರು ಕಂಡರು. ನೆರೆ ಬಂದರೆ ಎಲ್ಲರಿಗೂ ಕಾಣುತ್ತದೆ. ಬಿಸಿಲು ಸದ್ದಿಲ್ಲದೆ ಒಬ್ಬೊಬ್ಬರನ್ನಾಗಿ ಒಯ್ಯುತ್ತದೆ. 2013ರಲ್ಲಿ ಆ ನಗರದ ಪಾಲಿಕೆ ಬಿಸಿಲಿಗಾಗಿಯೇ ಒಂದು ಕಾರ್ಯಯೋಜನೆ ಮಾಡಿತು. ದಕ್ಷಿಣ ಏಷ್ಯದಲ್ಲಿ ಅದೇ ಮೊದಲನೆಯದು. ಅದರಲ್ಲಿದ್ದುದು ಏನು? ನಾಳೆ ಎಷ್ಟು ಬಿಸಿಲೆಂದು ಮುಂಚೆಯೇ ತಿಳಿದು ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುವುದು. ಆಸ್ಪತ್ರೆಗಳಿಗೆ ಮೊದಲೇ ಸುದ್ದಿ ಮುಟ್ಟಿಸುವುದು. ದಾರಿಯಲ್ಲಿ ಕುಡಿಯುವ ನೀರನ್ನಿಡುವುದು. ಬಡವರ ತಗಡಿನ ಮಾಡುಗಳಿಗೆ ಬಿಳಿಯ ಬಣ್ಣ ಬಳಿಯುವ ಕೆಲಸವೂ ಮುಂದೆ ಅದಕ್ಕೆ ಸೇರಿತು. ಒಂದು ಆಸ್ಪತ್ರೆಯಲ್ಲಿ ಕಾದ ಮಾಳಿಗೆಯ ಕೆಳಗೆ ಮೇಲಂತಸ್ತಿನಲ್ಲಿದ್ದ ಎಳೆಯ ಶಿಶುಗಳ ವಾರ್ಡನ್ನು ಕೆಳಗಿನ ಅಂತಸ್ತಿಗೆ ಇಳಿಸಿದರು. ಇದಕ್ಕೆ ತಗಲಿದ ಖರ್ಚೆಷ್ಟು? ಬೇಕಾದದ್ದು ಅಪಾಯ ಯಾರಿಗೆ ಮೊದಲು ತಗಲುತ್ತದೆಂದು ವಿಚಾರಿಸುವ ಮನಸ್ಸು ಮಾತ್ರ.

ಈ ಎರಡು ಉದಾಹರಣೆಗಳ ಬೆಳಕಿನಲ್ಲಿ ನಮ್ಮ ನಗರವನ್ನು ನೋಡೋಣ. ಏನೂ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಯಲಹಂಕದ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರವು 1988ರಲ್ಲಿ ಬರಗಾಲದ ಉಸ್ತುವಾರಿಗೆಂದು ಆರಂಭವಾಗಿ, ಇಂದು ಮಳೆಯ ಮುನ್ಸೂಚನೆಯನ್ನು ಮೊಬೈಲಿನಲ್ಲಿ ಕೊಡುವಷ್ಟು ಬೆಳೆದಿದೆ. 2023ರ ನವೆಂಬರಿನಲ್ಲಿ ಅಂದಿನ ಮಹಾನಗರ ಪಾಲಿಕೆ ಹವಾಮಾನ ಕ್ರಿಯಾಯೋಜನೆಯೊಂದನ್ನು ಪ್ರಕಟಿಸಿತು. ದೇಶದ ವಿಪತ್ತು ನಿರ್ವಹಣಾ ಕಾಯಿದೆಗೆ 2025ರಲ್ಲಿ ತಂದ ತಿದ್ದುಪಡಿಯಲ್ಲಿ ರಾಜ್ಯದ ರಾಜಧಾನಿಗಳಿಗೂ ದೊಡ್ಡ ನಗರಗಳಿಗೂ ಪ್ರತ್ಯೇಕ ವಿಪತ್ತು ಪ್ರಾಧಿಕಾರ ರಚಿಸಲು ಅವಕಾಶವಾಗಿದೆ. ಕಾಗದದ ಕೊರತೆ ನಮಗಿಲ್ಲ. ಆದರೂ 2023ರ ಮೇ 21ರಂದು ವಿಧಾನಸೌಧಕ್ಕೆ ಕೂಗಳತೆಯಲ್ಲಿರುವ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ತರುಣಿಯೊಬ್ಬಳು ಪ್ರಾಣ ಬಿಟ್ಟಳು. ಒಂದು ಹಗ್ಗ ಅಡ್ಡ ಕಟ್ಟಿ, ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದರೆ ಆ ಜೀವ ಉಳಿಯುತ್ತಿತ್ತಲ್ಲವೆ?

2022ರ ನೆರೆಯಲ್ಲಿ ಪತ್ರಿಕೆಗಳು ದೊಡ್ಡ ಕಂಪೆನಿಗಳ ಉದ್ಯೋಗಿಗಳು ಟ್ರಾಕ್ಟರು ಹತ್ತಿ ಕಚೇರಿಗೆ ಹೋದ ಚಿತ್ರಗಳನ್ನು ಅಚ್ಚು ಹಾಕಿದುವು. ಅವರ ಕಷ್ಟವೂ ಕಷ್ಟವೇ. ಆದರೆ ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಬೆಂಗಳೂರಿಗೆ ತಳ್ಳುವ ಯಂತ್ರಾಗಾರಕ್ಕೇ ಹೊಳೆಯ ನೀರು ನುಗ್ಗಿತು. ಸೊಂಟದವರೆಗೆ ನೀರಿನಲ್ಲಿ ನಿಂತ ಊರಿಗೆ ಕುಡಿಯಲು ನೀರಿಲ್ಲದಂತಾಯಿತು. ನಮ್ಮ ಓಣಿಗೆ ಟ್ರಾಕ್ಟರೂ ಬರಲಿಲ್ಲ, ಟ್ಯಾಂಕರೂ ಬರಲಿಲ್ಲ. ವಿಶ್ವೇಶ್ವರಯ್ಯನವರು ನಗರದ ಅಪಾಯವನ್ನು ನಗರದ ಹೊರಗೆ ಹುಡುಕಿದ್ದು ಏಕೆಂಬುದು ಆಗ ನನಗೆ ಚೆನ್ನಾಗಿ ಅರ್ಥವಾಯಿತು.

ಇಲ್ಲಿಯವರೆಗೆ ಬರೆದದ್ದಕ್ಕೆ ಯಾರ ಆಕ್ಷೇಪಣೆಯೂ ಇರಲಾರದು. ಕಷ್ಟವಿರುವುದು ಮುಂದೆ.

ನೆರೆ ಇಳಿದ ಕೆಲವು ವಾರಗಳ ಮೇಲೆ ಸರಪಳಿ ಹಿಡಿದ ಅಳತೆಯವರು ನಮ್ಮ ಓಣಿಗೆ ಬಂದರು. ಹಳೆಯ ನಕ್ಷೆಯನ್ನು ಬಿಚ್ಚಿ, ಅಳೆದು, ಮಾವನ ಮನೆಯ ಹಿಂಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಅಡಿಗೆಮನೆಯ ಅರ್ಧ ಭಾಗ ಕಾಲುವೆಯದಂತೆ. ಮಾವ ಆ ನಿವೇಶನವನ್ನು ಕದ್ದವರಲ್ಲ. ಇಪ್ಪತ್ತು ವರ್ಷದ ದುಡಿಮೆಯ ಹಣ ಕೊಟ್ಟು ಕೊಂಡರು. ಸರಕಾರದ ಕಚೇರಿಯಲ್ಲಿಯೇ ನೋಂದಣಿಯಾಯಿತು, ಮುದ್ರಾಂಕ ಶುಲ್ಕ ಸಂದಾಯವಾಯಿತು, ವರ್ಷ ವರ್ಷವೂ ಕಂದಾಯದ ರಸೀದಿ ಬಂತು. ಮೇಲ್ಗಡೆ, ಎರಡು ಫರ್ಲಾಂಗು ದೂರದಲ್ಲಿ, ಅದೇ ಕಾಲುವೆಯನ್ನು ಅರ್ಧಕ್ಕೆ ಕುಗ್ಗಿಸಿ ಎದ್ದುನಿಂತ ದೊಡ್ಡ ವಸತಿಸಮುಚ್ಚಯದ ಕಾಂಪೌಂಡು ಗೋಡೆಯೊಂದಿದೆ. ಅದಕ್ಕೂ ಕೆಂಪು ಗುರುತು ಬಿತ್ತು; ಆದರೆ ಅವರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಮಾವನಿಗೆ ವಕೀಲರ ಫೀಜು ಕೊಡುವ ಶಕ್ತಿಯಿಲ್ಲ.

ಒಂದು ದಿನ ನಾನು ಹೊಸದಾಗಿ ಓದಿದ ಉತ್ಸಾಹದಲ್ಲಿ ಕಾಲುವೆಯ ಅಂಚಿನಲ್ಲಿ ಎಷ್ಟು ಮೀಟರು ಜಾಗ ಬಿಡಬೇಕೆಂದು ಹೇಳತೊಡಗಿದೆ. ಹಸಿರು ನ್ಯಾಯಮಂಡಲಿ 2016ರಲ್ಲಿ ಕೆರೆಗಳ ಸುತ್ತ 75 ಮೀಟರು ಎಂದದ್ದನ್ನೂ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ ಹಿಂದಿನ ನಗರ ಯೋಜನೆಯ ಅಳತೆಗಳನ್ನೇ, ಕೆರೆಗೆ 30 ಮೀಟರು, ಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರು ಎಂದು ಉಳಿಸಿದ್ದನ್ನೂ ವಿವರಿಸಿದೆ. ಮಾವ ಎಲ್ಲವನ್ನೂ ಕೇಳಿ, “ಕಾಲುವೆ ಅಗಲ ಆಗ್ಬೇಕು ಅಂತ ನಾನೂ ಒಪ್ತೀನಿ ಕಣೋ. ನೀರು ನುಗ್ಗೋದು ನನ್ನ ಮನೆಗೇ ಅಲ್ವಾ? ಆದ್ರೆ ಮೊದಲು ನನ್ನ ಅಡಿಗೆಮನೆಯಿಂದಲೇ ಯಾಕೆ ಶುರು ಮಾಡ್ಬೇಕು, ಅದನ್ನ ಹೇಳು” ಎಂದರು. ನಾನು ಉತ್ತರ ಕೊಡಲಾರದೆ ಪುಸ್ತಕ ಮುಚ್ಚಿದೆ. ಈ ಲೇಖನವನ್ನು ಅವರ ಪ್ರಶ್ನೆಗೆ ನಾನು ತಡವಾಗಿ ಕೊಡುವ ಉತ್ತರವೆಂದು ತಿಳಿಯಬಹುದು.

ಕಾಲುವೆಯ ಜಾಗ ಕಾಲುವೆಗೆ ಸೇರಲೇಬೇಕು. ನನ್ನವರ ಮನೆಯೆಂದು ಈ ಮಾತನ್ನು ನಾನು ಹಿಂದೆಗೆದುಕೊಳ್ಳಲಾರೆ. ಹಾಗೆ ಪ್ರತಿಯೊಬ್ಬನೂ ಹಿಂದೆಗೆದುಕೊಂಡದ್ದರಿಂದಲೇ 113 ಇದ್ದದ್ದು 63 ಆದದ್ದು. ಆದರೆ ಕೆಡಹುವುದಕ್ಕೂ ಒಂದು ಕ್ರಮ ಬೇಕು, ಆ ಕ್ರಮವನ್ನು ನಿರ್ಧರಿಸಬೇಕಾದದ್ದು ನೀರು, ವಕೀಲರ ಬಲವಲ್ಲ. ಯಾವ ತಡೆ ಅತಿ ಹೆಚ್ಚು ನೀರನ್ನು ಹಿಮ್ಮೆಟ್ಟಿಸುತ್ತದೆಯೋ ಅದು ಮೊದಲು ಹೋಗಬೇಕು. ಆ ಪಟ್ಟಿಯನ್ನು ನಕ್ಷೆಯೊಡನೆ ಪ್ರತಿ ಬಡಾವಣೆಯ ಗೋಡೆಯ ಮೇಲೆ, ಕನ್ನಡದಲ್ಲಿ, ಮಳೆಗಾಲಕ್ಕೆ ಆರು ತಿಂಗಳು ಮುಂಚೆ ಅಂಟಿಸಬೇಕು. ತನ್ನ ಮುದ್ರೆಯೊತ್ತಿ ಹಣ ಪಡೆದ ಸರಕಾರವು ತನ್ನ ತಪ್ಪಿಗೆ ತಾನೂ ದಂಡ ತೆರಬೇಕು. ಮನೆ ಕಳೆದುಕೊಳ್ಳುವ ಸಣ್ಣ ಸಂಸಾರಗಳಿಗೆ, ಅವರು ದುಡಿಯುವ ಜಾಗಕ್ಕೆ ಹತ್ತಿರದಲ್ಲಿ, ಕೆಡಹುವುದಕ್ಕೆ ಮುಂಚೆಯೇ ಬದಲಿ ಮನೆ ತೋರಿಸಬೇಕು. ಹೊಸದಾಗಿ ಅಂಥ ಜಾಗವನ್ನು ನೋಂದಣಿ ಮಾಡಿಕೊಡುವ ಅಧಿಕಾರಿಯನ್ನು ಹೊಣೆಗಾರನನ್ನಾಗಿ ಮಾಡಬೇಕು. ಹಾಗಿಲ್ಲದೆ ಪ್ರತಿ ನೆರೆಯ ಬೆನ್ನಿಗೆ ಹದಿನೈದು ದಿನ ಯಂತ್ರಗಳನ್ನು ಓಡಿಸಿ, ಬಡವರ ನಾಲ್ಕು ಗೋಡೆ ಬೀಳಿಸಿ, ಚಿತ್ರ ತೆಗೆಸಿಕೊಂಡು ಸುಮ್ಮನಾಗುವುದು ಯೋಜನೆಯಲ್ಲ.

ಎರಡನೆಯದಾಗಿ, ಕಾಲುವೆಗೆ ಮತ್ತೆ ನೀರುಗಂಟಿ ಬೇಕು. ಹೆಸರು ಏನೇ ಇರಲಿ. ಇಂತಿಷ್ಟು ದೂರದ ಕಾಲುವೆಗೆ ಇಂಥವನು ಹೊಣೆ ಎಂದು ಓಣಿಯವರಿಗೆಲ್ಲ ತಿಳಿದಿರಬೇಕು. ಹೂಳು ತೆಗೆಯುವ ಕೆಲಸ ಮುಂಗಾರಿಗೆ ಮುಂಚೆ ಮುಗಿದಿರಬೇಕು. ಮೂರನೆಯದಾಗಿ, ಎಚ್ಚರಿಕೆಯ ಮಾತು ಎದುರುಮನೆಯ ಅಜ್ಜಿಯ ಕಿವಿಗೆ ಬೀಳಬೇಕು. ಮೊಬೈಲಿನ ಸೂಚನೆ ಒಳ್ಳೆಯದೇ. ಆದರೆ ಅಜ್ಜಿಯ ಹತ್ತಿರ ಅಂಥ ಮೊಬೈಲಿಲ್ಲ. ಹಿಂದೆ ಊರಿನಲ್ಲಿ ತಮಟೆ ಬಾರಿಸಿ ಸಾರುತ್ತಿದ್ದರಲ್ಲವೆ? ದೇವಸ್ಥಾನದ ಮೈಕು, ಮಸೀದಿಯ ಮೈಕು, ಕಸದ ಗಾಡಿಯ ಮೈಕು ಇಷ್ಟೆಲ್ಲ ಇರುವ ನಗರದಲ್ಲಿ ಮಧ್ಯರಾತ್ರಿ ನೀರು ಬರುತ್ತದೆಂದು ಹೇಳುವ ಒಂದು ದನಿ ಹುಟ್ಟದೇ ಹೋದರೆ ತಪ್ಪು ಯಂತ್ರದ್ದಲ್ಲ.

ಇದೆಲ್ಲ ಸರಕಾರದ ಕೆಲಸ. ಕಲಾ ಕಾಲೇಜಿನ ನಮಗೇನು ಎಂದು ಮಿತ್ರರು ಕೇಳಬಹುದು. ಎಂಜಿನಿಯರುಗಳಿಗೆ ನೀರಿನ ವೇಗ ಗೊತ್ತು. ನೀರಿನ ಚರಿತ್ರೆ ಗೊತ್ತಿರುವುದು ಹಳಬರಿಗೆ. ಆ ಹಳಬರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮಲ್ಲಿ ಚರಿತ್ರೆಯ ವಿದ್ಯಾರ್ಥಿಗಳಿದ್ದಾರೆ, ಭೂಗೋಳದ ವಿದ್ಯಾರ್ಥಿಗಳಿದ್ದಾರೆ, ಸಮಾಜಶಾಸ್ತ್ರ ಓದುವವರಿದ್ದಾರೆ. ನಾವು ಬರುವುದೂ ಹೆಚ್ಚಾಗಿ ಇಂಥ ಓಣಿಗಳಿಂದಲೇ. ಪ್ರತಿ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಗಿಡ ನೆಡುತ್ತೇವೆ, ನೆಡೋಣ. ಅದರ ಜೊತೆಗೆ ಒಂದು ವರ್ಷ ಒಂದು ಕಣಿವೆಯನ್ನು ಹಿಡಿದು ನಡೆಯೋಣ. ಯಾವ ಮನೆಯ ಗೋಡೆಯ ಮೇಲೆ ಯಾವ ವರ್ಷದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗುರುತು ಮಾಡೋಣ. ಇಲ್ಲಿ ಯಾವ ಕೆರೆಯಿತ್ತು, ಕೋಡಿ ಯಾವ ಕಡೆಗಿತ್ತು, ಯಾರ ಮನೆಯಲ್ಲಿ ಎದ್ದು ಓಡಲಾರದ ಮುದುಕರಿದ್ದಾರೆ ಎಂದು ಬರೆದುಕೊಳ್ಳೋಣ. ಹಾಗೆ ಸಿದ್ಧವಾದ ಒಂದು ಹಸ್ತಪ್ರತಿ ನಮ್ಮ ಗ್ರಂಥಭಂಡಾರದಲ್ಲಿದ್ದರೆ, ಮುಂದೆ ಬರುವ ಯೋಜನೆಯ ಕರಡು ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ನಮಗೆ ಬರುತ್ತದೆ. ಭೂಗೋಳ ವಿಭಾಗದ ಗುರುಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ.

ಅಚ್ಚಿಗೆ ಕೊಡುವ ಮುಂಚೆ ಇದನ್ನು ಮಾವನಿಗೆ ಓದಿ ಹೇಳಿದೆ. ಅಡಿಗೆಮನೆಯ ಗೋಡೆಯ ಮೇಲೆ ಕೆಂಪು ಗುರುತು ಇನ್ನೂ ಇದೆ; ಅದರ ಕೆಳಗೆ 2022ರ ನೀರಿನ ಕಲೆಯೂ ಇದೆ. ಅವರು ಸ್ವಲ್ಪ ಹೊತ್ತು ಎರಡನ್ನೂ ನೋಡಿ, “ಸರಿಯಾಗೇ ಬರೆದಿದ್ದೀಯ. ಮೇಲ್ಗಡೆ ಗೋಡೆ ಬೀಳಲಿ ಕಣೋ, ಅವತ್ತೇ ಹಾರೆ ಹಿಡ್ಕೊಂಡು ನಾನೇ ಈ ಗೋಡೆ ಒಡೀತೀನಿ” ಎಂದರು.

— ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿ